ವಿದ್ವಾಂಸರ ಪಿಟೀಲಿಗೆ ಬೆಲೆ ಕಟ್ಟುವ ಮುನ್ನ

2025ರ ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡಿನ ಹರಾಜು ಸಂಸ್ಥೆಯೊಂದು ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ನುಡಿಸುತ್ತಿದ್ದ ಪಿಟೀಲನ್ನು 8 ಲಕ್ಷ 60 ಸಾವಿರ ಪೌಂಡಿಗೆ ಮಾರಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಹತ್ತು ಕೋಟಿ ರೂಪಾಯಿ. ಆ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಶಿವಮೊಗ್ಗದಿಂದ ನನ್ನ ದೊಡ್ಡಪ್ಪನ ಹಿರಿಯ ಮಗ ಫೋನ್ ಮಾಡಿದ. ‘ನಮ್ಮನೇಲೂ ಒಂದು ಪಿಟೀಲು ಇದೆಯಲ್ಲೋ, ಅಪ್ಪ ನುಡಿಸ್ತಿದ್ದದ್ದು. ಅದೂ ಅಂಥಿಂಥವರದ್ದಲ್ಲ. ನೀನು ಬಂದು ನೋಡಿ ಏನಾದರೂ ವಿಚಾರಿಸು’ ಎಂಬುದು ಅವನ ಮಾತಿನ ಸಾರಾಂಶ.

ದೊಡ್ಡಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಹಗಲು ಯಂತ್ರಗಳ ಸದ್ದಿನಲ್ಲಿರುತ್ತಿದ್ದ ಅವರು ಸಂಜೆ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಪಿಟೀಲು ಹಿಡಿದು ಕೂರುತ್ತಿದ್ದರು. ರಾಮನವಮಿಯ ಕಚೇರಿಗಳಲ್ಲಿ ಪಕ್ಕವಾದ್ಯಕ್ಕೆ ಯಾರಾದರೂ ಕೈಕೊಟ್ಟರೆ ಇವರಿಗೆ ಕರೆ ಬರುತ್ತಿತ್ತು. ಅವರ ಪಿಟೀಲು ಒಂದು ಕಾಲಕ್ಕೆ ಹಳೇ ಮೈಸೂರಿನ ಹೆಸರಾಂತ ವಿದ್ವಾಂಸರೊಬ್ಬರ ಬಳಿ ಇತ್ತು, ಹಣದ ಅಡಚಣೆಯ ಸಮಯದಲ್ಲಿ ಅವರು ಅದನ್ನು ದೊಡ್ಡಪ್ಪನಿಗೆ ಕೊಟ್ಟರು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿ ಬೆಳೆದ ಮಾತು. ಆ ವಿದ್ವಾಂಸರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣವೇ ಈ ಲೇಖನದ ವಿಷಯ.

ಶಿವಮೊಗ್ಗಕ್ಕೆ ಹೋಗಿ ಪೆಟ್ಟಿಗೆ ತೆರೆದಾಗ ಕಂಡದ್ದು ಬೇಸರದ ದೃಶ್ಯ. ಮಲೆನಾಡಿನ ಮಳೆಗಾಲಗಳ ತೇವಕ್ಕೆ ಅಂಟು ಬಿಟ್ಟು ಮೇಲುಹಲಗೆ ಒಂದು ಬದಿಯಲ್ಲಿ ಬಾಯಿ ತೆರೆದಿತ್ತು. ಕುದುರೆ ಬಿದ್ದುಹೋಗಿತ್ತು. ಬಿರಡೆಗಳಲ್ಲಿ ಒಂದು ಇರಲಿಲ್ಲ. ಕಮಾನಿನ ಕೂದಲನ್ನು ಹುಳು ತಿಂದಿತ್ತು. ಆದರೆ ಅಣ್ಣನ ಉತ್ಸಾಹಕ್ಕೆ ಕಾರಣವಾಗಿದ್ದ ಚೀಟಿ ಮಾತ್ರ ಒಳಗೆ ಭದ್ರವಾಗಿತ್ತು. ಟಾರ್ಚ್ ಹಿಡಿದು ನೋಡಿದರೆ ಲ್ಯಾಟಿನ್ ಭಾಷೆಯಲ್ಲಿ ಸ್ಟ್ರಾಡಿವೇರಿಯಸ್ ಎಂಬ ಹೆಸರು, ಕ್ರೆಮೋನಾ ಎಂಬ ಊರು, 1721 ಎಂಬ ಇಸವಿ.

ಇಂಥ ಚೀಟಿ ಕಂಡು ಹಿಗ್ಗಿದ ಕುಟುಂಬ ನಮ್ಮದೊಂದೇ ಅಲ್ಲ. ಇಟಲಿಯ ಕ್ರೆಮೋನಾದ ಆಂಟೋನಿಯೋ ಸ್ಟ್ರಾಡಿವಾರಿ ತೀರಿಕೊಂಡದ್ದು 1737ರಲ್ಲಿ. ಅವನ ಕೈಯಿಂದ ಬಂದ ವಾದ್ಯಗಳಲ್ಲಿ ಇಂದು ಉಳಿದಿರುವುದು ಸುಮಾರು 650. ಬಹುತೇಕ ಪ್ರತಿಯೊಂದಕ್ಕೂ ಹೆಸರಿದೆ, ದಾಖಲೆಯಿದೆ. ಆದರೆ 19ನೇ ಶತಮಾನದ ಉತ್ತರಾರ್ಧದಿಂದ 20ನೇ ಶತಮಾನದ ಆರಂಭದವರೆಗೆ ಜರ್ಮನಿಯ ಮಾರ್ಕ್‌ನೊಯ್‌ಕಿರ್ಷೆನ್, ಮಿಟ್ಟನ್‌ವಾಲ್ಡ್, ಫ್ರಾನ್ಸಿನ ಮಿರ್‌ಕೂರ್ ಮುಂತಾದ ಊರುಗಳಲ್ಲಿ ಅಗ್ಗದ ಪಿಟೀಲುಗಳನ್ನು ರಾಶಿರಾಶಿಯಾಗಿ ತಯಾರಿಸಿ, ಅವುಗಳೊಳಗೆ ಸ್ಟ್ರಾಡಿವಾರಿಯ ಹೆಸರಿನ ಚೀಟಿ ಅಂಟಿಸಿ ಲೋಕದ ತುಂಬ ಕಳುಹಿಸಿದರು. ಅದರಲ್ಲಿ ವಂಚನೆಗಿಂತ ‘ಈ ಮಾದರಿಯದು’ ಎಂದು ಹೇಳುವ ವಾಡಿಕೆಯೇ ಹೆಚ್ಚು. ಆ ಪ್ರವಾಹದ ಒಂದು ಹನಿ ಭದ್ರೆಯ ದಡಕ್ಕೂ ಬಂದಿತ್ತು, ಅಷ್ಟೆ. ಬೆಂಗಳೂರಿನ ಅನುಭವಿ ರಿಪೇರಿಯವರೊಬ್ಬರು ಒಂದೇ ನೋಟದಲ್ಲಿ ಅದು ಜರ್ಮನಿಯ ಕಾರ್ಖಾನೆಯ ಮಾಲು ಎಂದು ಹೇಳಿದರು. ‘ಒಳ್ಳೆಯ ಮಾಲು, ರಿಪೇರಿ ಮಾಡಿದರೆ ನುಡಿಯುತ್ತೆ. ಆದರೆ ರಿಪೇರಿಯ ಖರ್ಚು ಅದರ ಬೆಲೆಗಿಂತ ಹೆಚ್ಚಾದೀತು’ ಎಂದೂ ಸೇರಿಸಿದರು.

ಹಾಗಾದರೆ ಉಳಿದದ್ದು ವಿದ್ವಾಂಸರ ಹೆಸರು ಮಾತ್ರ. ಅದಕ್ಕೆ ಆಧಾರ ಹುಡುಕಿದೆವು. ಪತ್ರವಿಲ್ಲ, ರಸೀದಿಯಿಲ್ಲ, ಆ ವಿದ್ವಾಂಸರು ಈ ಪಿಟೀಲು ಹಿಡಿದಿರುವ ಒಂದು ಫೋಟೊ ಇಲ್ಲ. ಕೊನೆಗೆ ದೊಡ್ಡಮ್ಮನ ಟ್ರಂಕಿನ ತಳದಲ್ಲಿ ದೊಡ್ಡಪ್ಪನ ಲೆಕ್ಕದ ಪುಸ್ತಕ ಸಿಕ್ಕಿತು. 1962ರ ಒಂದು ಪುಟದಲ್ಲಿ, ಹಾಲಿನವನ ಬಾಕಿ ಮತ್ತು ಸೀಮೆಎಣ್ಣೆಯ ನಡುವೆ, ಅವರ ದುಂಡನೆಯ ಅಕ್ಷರದಲ್ಲಿ ‘ಪಿಟೀಲು ಬಾಬ್ತು 2ನೇ ಕಂತು ರೂ. 40’ ಎಂದಿತ್ತು. ಯಾರಿಗೆ ಕೊಟ್ಟದ್ದು ಎಂದು ಬರೆದಿರಲಿಲ್ಲ. ದಿನನಿತ್ಯ ಒಡನಾಡುವವರ ಹೆಸರನ್ನು ಯಾರು ತಾನೇ ಬರೆದಿಡುತ್ತಾರೆ? ಆ ಸಾಲಿನಲ್ಲಿ ಇನ್ನೊಂದು ಪದ ಇದ್ದಿದ್ದರೆ ಇಂದು ನಾನು ಆ ಹೆಸರನ್ನು ಧೈರ್ಯವಾಗಿ ಬರೆಯುತ್ತಿದ್ದೆ.

ಹಳೆಯ ಪಿಟೀಲುಗಳ ಜಾಗತಿಕ ಮಾರುಕಟ್ಟೆ ನಡೆಯುವುದೇ ಇಂಥ ಒಂದೊಂದು ಪದದ ಮೇಲೆ. ವಾಸ್ತವವಾಗಿ ಅಲ್ಲಿ ಎರಡು ಮಾರುಕಟ್ಟೆಗಳಿವೆ. ಮೊದಲನೆಯದರಲ್ಲಿ ತಯಾರಕನೇ ಮುಖ್ಯ. ಯಾರು ಮಾಡಿದ್ದು, ಯಾವ ಇಸವಿ, ಎಷ್ಟು ಸುಸ್ಥಿತಿಯಲ್ಲಿದೆ ಎಂಬುವು ಮೊದಲ ಪ್ರಶ್ನೆಗಳು. ಯಾರು ನುಡಿಸಿದ್ದರು ಎಂಬುದು ಆಮೇಲಿನದು, ಆದರೆ ಗಣನೀಯವಾದದ್ದು. ಹಾಲಿವುಡ್‌ನ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದ ಸಂಗೀತದಲ್ಲಿ ನುಡಿಸಿದ್ದ ಟೋಷಾ ಸೈಡೆಲ್ ಅವರ 1714ರ ಸ್ಟ್ರಾಡಿವಾರಿ 2022ರ ಜೂನ್‌ನಲ್ಲಿ ಒಂದೂವರೆ ಕೋಟಿ ಡಾಲರಿಗೂ ಹೆಚ್ಚಿಗೆ, ಎಂದರೆ ಸುಮಾರು 120 ಕೋಟಿ ರೂಪಾಯಿಗೆ ಹೋಯಿತು. ಎರಡನೆಯ ಮಾರುಕಟ್ಟೆಯಲ್ಲಿ ಒಡೆಯನೇ ಸರ್ವಸ್ವ. 1912ರಲ್ಲಿ ಟೈಟಾನಿಕ್ ಮುಳುಗುವಾಗಲೂ ವಾದ್ಯವೃಂದವನ್ನು ನಡೆಸುತ್ತಿದ್ದ ವ್ಯಾಲೇಸ್ ಹಾರ್ಟ್ಲಿಯವರ ಪಿಟೀಲು ಸಾಧಾರಣವಾದದ್ದು. ಈಗ ಅದನ್ನು ನುಡಿಸಲೂ ಆಗದು. ಆದರೂ 2013ರಲ್ಲಿ ಅದನ್ನು 9 ಲಕ್ಷ ಪೌಂಡ್ ಕೊಟ್ಟು ಕೊಂಡರು.

ಇವೆರಡರಲ್ಲೂ ಬೆಲೆ ಕಟ್ಟುವುದು ಮರಕ್ಕೂ ಅಲ್ಲ, ನಾದಕ್ಕೂ ಅಲ್ಲ, ಬಹುಮಟ್ಟಿಗೆ ಕಾಗದಕ್ಕೆ. ಹಾರ್ಟ್ಲಿಯವರ ಪಿಟೀಲು 2006ರಲ್ಲಿ ಬೆಳಕಿಗೆ ಬಂದ ಮೇಲೆ ಅದು ನಿಜವಾಗಿಯೂ ಅವರದೇ ಎಂದು ಒಪ್ಪಿಕೊಳ್ಳುವುದಕ್ಕೆ ಏಳು ವರ್ಷಗಳ ಪರೀಕ್ಷೆ ನಡೆಯಿತು. ಮದುವೆಯ ನಿಶ್ಚಿತಾರ್ಥಕ್ಕೆಂದು ಭಾವಿ ಪತ್ನಿ ಕೊಟ್ಟದ್ದೆಂದು ಹೇಳುವ, ಪಿಟೀಲಿಗೆ ಜೋಡಿಸಿದ್ದ ಬೆಳ್ಳಿಯ ತಗಡಿನ ಬರಹ ಅದರಲ್ಲಿ ಮುಖ್ಯ ಸಾಕ್ಷಿಯಾಯಿತು. ಐನ್‌ಸ್ಟೈನರ ಪಿಟೀಲು ಮ್ಯೂನಿಕ್ ನಗರದಲ್ಲಿ 1894ರಲ್ಲಿ ತಯಾರಾದದ್ದು. ಜರ್ಮನಿಯನ್ನು ತೊರೆಯುವ ಮುನ್ನ 1932ರ ಕೊನೆಯಲ್ಲಿ ಅವರು ಅದನ್ನು ಮಿತ್ರ, ಭೌತವಿಜ್ಞಾನಿ ಮ್ಯಾಕ್ಸ್ ಫಾನ್ ಲವೆ ಅವರಿಗೆ ಕೊಟ್ಟರು. ಅವರು ಮತ್ತೊಬ್ಬ ಪರಿಚಿತರಿಗೆ ಕೊಟ್ಟರು. ಆ ಕುಟುಂಬದವರು ಈಗ ಮಾರಿದರು. ಕೈಯಿಂದ ಕೈಗೆ ಹೋದ ಈ ಸರಪಳಿಯಲ್ಲಿ ಒಂದು ಕೊಂಡಿಯೂ ಕಳೆದಿರಲಿಲ್ಲ. ಎರಡು-ಮೂರು ಲಕ್ಷ ಪೌಂಡ್ ಬಂದೀತೆಂದು ಅಂದಾಜಿಸಿದ್ದ ವಾದ್ಯಕ್ಕೆ ಅದರ ಮೂರು ಪಟ್ಟು ಬಂತು.

ನಾದಕ್ಕಲ್ಲ ಎಂದು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಫ್ರಾನ್ಸಿನ ಸಂಶೋಧಕಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು ಅನುಭವಿ ವಾದಕರಿಗೆ ವಾದ್ಯ ಕಾಣಿಸದಂತೆ ಕಪ್ಪು ಕನ್ನಡಕ ತೊಡಿಸಿ, ಸ್ಟ್ರಾಡಿವಾರಿ ಸೇರಿದಂತೆ ಹಳೆಯ ಇಟಲಿಯ ಪಿಟೀಲುಗಳನ್ನೂ ಹೊಸದಾಗಿ ತಯಾರಿಸಿದವನ್ನೂ ಕೊಟ್ಟು ನುಡಿಸಿ ನೋಡಿದರು. 2012 ಮತ್ತು 2014ರಲ್ಲಿ ಪ್ರಕಟವಾದ ಈ ಅಧ್ಯಯನಗಳ ಪ್ರಕಾರ ಹೆಚ್ಚಿನವರು ಮೆಚ್ಚಿ ಆರಿಸಿಕೊಂಡದ್ದು ಹೊಸ ಪಿಟೀಲುಗಳನ್ನು. ಯಾವುದು ಹಳೆಯದು ಎಂದು ಗುರುತಿಸುವುದರಲ್ಲೂ ಅವರು ಎಡವಿದರು. ಈ ಪ್ರಯೋಗಗಳನ್ನು ಒಪ್ಪದ ಕಲಾವಿದರೂ ಇದ್ದಾರೆ. ಅದೇನೇ ಇರಲಿ, ನೂರು ಕೋಟಿ ಕೊಡುವವನು ಶ್ರುತಿಶುದ್ಧಿಗಾಗಿ ಕೊಡುತ್ತಿಲ್ಲ ಎಂಬುದಂತೂ ಸ್ಪಷ್ಟ. ಅವನು ಕೊಂಡುಕೊಳ್ಳುವುದು ಒಂದು ಕೈಯ ನೆನಪನ್ನು.

ಇನ್ನು ನಮ್ಮ ಕಡೆ ನೋಡೋಣ. ಪಾಶ್ಚಾತ್ಯ ವ್ಯಾಪಾರದಲ್ಲಿ ವಾದಕನ ಹೆಸರು ವಾದ್ಯಕ್ಕೆ ಅಂಟಿಕೊಳ್ಳುತ್ತದೆ. ಸೈಡೆಲ್‌ರ ಪಿಟೀಲು ‘ಎಕ್ಸ್-ಸೈಡೆಲ್’ ಆಗುತ್ತದೆ. ನಮ್ಮಲ್ಲಿ ತಿರುವುಮುರುವು, ವಾದ್ಯದ ಹೆಸರೇ ವಾದಕನಿಗೆ ಅಂಟಿಕೊಳ್ಳುತ್ತದೆ. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ಹಾರ್ಮೋನಿಯಂ ಅರುಣಾಚಲಪ್ಪ, ಪಿಟೀಲು ಚೌಡಯ್ಯ. ಇದರಲ್ಲಿ ಒಂದು ದೊಡ್ಡತನವಿದೆ: ಸಂಗೀತವಿರುವುದು ಮನುಷ್ಯನಲ್ಲಿ, ಮರದಲ್ಲಲ್ಲ ಎಂಬ ತಿಳಿವಳಿಕೆ. ಶಿವಮೊಗ್ಗದ ಬಗಲಲ್ಲೇ ಇರುವ ಹೊಸಹಳ್ಳಿಯ ಗಮಕ ಪರಂಪರೆಯನ್ನೇ ನೋಡಿ. ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದಿರುವುದು ಕಂಠ. 2022ರಲ್ಲಿ ಪದ್ಮಶ್ರೀ ಗೌರವ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಕಂಠವನ್ನು ಯಾವ ಹರಾಜಿನಲ್ಲಿಡಲು ಸಾಧ್ಯವಿತ್ತು?

ಆದರೆ ಇದೇ ದೊಡ್ಡತನ ನಮ್ಮ ಅಲಕ್ಷ್ಯಕ್ಕೆ ನೆಪವೂ ಆಗಿದೆ. ತಿರುಮಕೂಡಲು ಚೌಡಯ್ಯನವರ ಉದಾಹರಣೆ ನೋಡೋಣ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಅವರು ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಿಕ್ಕಿರಿದ ಸಭೆಯ ಕೊನೆಯ ಸಾಲಿಗೂ ನಾದ ತಲುಪಬೇಕೆಂದು ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಅಂದರೆ ಅವರ ವಿಷಯದಲ್ಲಿ ವಾದ್ಯವೇ ಒಂದು ಕೃತಿ, ಒಂದು ಆವಿಷ್ಕಾರ. 1967ರಲ್ಲಿ ಅವರು ತೀರಿಕೊಂಡ ಮೇಲೆ, 1980ರಲ್ಲಿ ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ ಸಭಾಂಗಣವೇ ತಲೆ ಎತ್ತಿತು. ಹೆಮ್ಮೆಯ ವಿಷಯವೇ ಸರಿ. ಆದರೆ ಆ ಸಿಮೆಂಟಿನ ಪಿಟೀಲಿನೊಳಗೆ ಕುಳಿತು ಕಚೇರಿ ಕೇಳಿದ ಎಷ್ಟು ಮಂದಿ ನಾವು, ಅವರು ಹೆಗಲಿಗೇರಿಸಿಕೊಂಡಿದ್ದ ಮರದ ಪಿಟೀಲುಗಳ ಬಗ್ಗೆ ಒಮ್ಮೆಯಾದರೂ ವಿಚಾರಿಸಿದ್ದೇವೆ?

ವಿಚಾರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾಶಿಯ ಒಂದು ಪ್ರಕರಣ ಸಾಕು. ಭಾರತರತ್ನ ಬಿಸ್ಮಿಲ್ಲಾ ಖಾನ್ ಅವರ ಬೆಳ್ಳಿಯ ಶಹನಾಯಿಗಳು 2016ರ ಡಿಸೆಂಬರ್‌ನಲ್ಲಿ ಮನೆಯಿಂದ ಕಾಣೆಯಾದವು. ಅವುಗಳಲ್ಲಿ ಒಂದನ್ನು ಪ್ರಧಾನಿಯಾಗಿದ್ದ ಪಿ.ವಿ. ನರಸಿಂಹರಾವ್ ಅವರು ಉಡುಗೊರೆಯಾಗಿ ಕೊಟ್ಟಿದ್ದರು. ಮುಂದಿನ ತಿಂಗಳು ಪೊಲೀಸರು ಕುಟುಂಬದ ಸದಸ್ಯರೊಬ್ಬರನ್ನೂ ಇಬ್ಬರು ಬೆಳ್ಳಿ ವ್ಯಾಪಾರಿಗಳನ್ನೂ ಬಂಧಿಸಿದರು. ಪೊಲೀಸರು ಹೇಳಿದಂತೆ, ಶಹನಾಯಿಗಳು ಮಾರಾಟವಾಗಿದ್ದುದು ಕೇವಲ 17 ಸಾವಿರ ರೂಪಾಯಿಗೆ. ಅಷ್ಟರಲ್ಲಿ ಬೆಳ್ಳಿಯನ್ನು ಕರಗಿಸಿಯೂ ಆಗಿತ್ತು. ಕೆಂಪುಕೋಟೆಯಲ್ಲಿ ನಾಡಿನ ಸ್ವಾತಂತ್ರ್ಯವನ್ನು ಸ್ವಾಗತಿಸಿದ ಕಲಾವಿದನ ವಾದ್ಯಕ್ಕೆ ನಮ್ಮ ಪೇಟೆ ಕಟ್ಟಿದ ಬೆಲೆ, ತಕ್ಕಡಿಯಲ್ಲಿ ಕಂಡ ಬೆಳ್ಳಿಯ ತೂಕದ ಬೆಲೆ. ಶಿವಮೊಗ್ಗದ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ನಮ್ಮ ಪಿಟೀಲಿಗೆ ನಾಲ್ಕು ಸಾವಿರ ಹೇಳಿದಾಗ ಅಣ್ಣನಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಅವರು ಕಣ್ಣಿಗೆ ಕಂಡದ್ದಕ್ಕೆ ಬೆಲೆ ಹೇಳಿದ್ದರು. ಕಾಣದ್ದನ್ನು ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ.

ಹಾಗೆಂದು ನಮ್ಮಲ್ಲೂ ಲಂಡನ್, ನ್ಯೂಯಾರ್ಕ್‌ಗಳಂಥ ಹರಾಜುಕಟ್ಟೆಗಳು ಬರಲಿ ಎಂಬುದು ನನ್ನ ವಾದವಲ್ಲ. ಆ ಮಾರುಕಟ್ಟೆಯ ವಿಪರೀತಗಳೂ ಕಡಿಮೆಯಲ್ಲ. ‘ಲೇಡಿ ಬ್ಲಂಟ್’ ಎಂಬ 1721ರ ಸ್ಟ್ರಾಡಿವಾರಿಗೆ 2011ರಲ್ಲಿ 1 ಕೋಟಿ 59 ಲಕ್ಷ ಡಾಲರ್ ಬಂದದ್ದಕ್ಕೆ ಒಂದು ಮುಖ್ಯ ಕಾರಣ, ಮುನ್ನೂರು ವರ್ಷಗಳಲ್ಲಿ ಅದನ್ನು ಯಾರೂ ಹೆಚ್ಚಾಗಿ ನುಡಿಸದೆ ಹೊಸದರಂತೆ ಉಳಿಸಿದ್ದು. ನುಡಿಸದಿದ್ದಷ್ಟೂ ಬೆಲೆ ಏರುವ ವಾದ್ಯ! ಆ ಹಣ ಜಪಾನಿನ ಭೂಕಂಪ ಮತ್ತು ಸುನಾಮಿ ಸಂತ್ರಸ್ತರಿಗೆ ಸಂದಿತು ಎಂಬುದು ಸಮಾಧಾನದ ಸಂಗತಿ. ಆದರೆ ಬೆಲೆಗಳು ಹೀಗೆ ಏರಿದ್ದರಿಂದ ಇಂದು ಬಹುತೇಕ ವಾದಕರು ಇಂಥ ಪಿಟೀಲನ್ನು ಕೊಳ್ಳುವ ಕನಸನ್ನೂ ಕಾಣಲಾರರು. ಬ್ಯಾಂಕು, ಪ್ರತಿಷ್ಠಾನ, ಶ್ರೀಮಂತರಿಂದ ಎರವಲು ಪಡೆಯಬೇಕು.

ನಾವು ಅಲ್ಲಿಂದ ಕಲಿಯಬೇಕಾದದ್ದು ಬೇರೆ ಇದೆ. ಪಗನಿನಿ ತನ್ನ ಅಚ್ಚುಮೆಚ್ಚಿನ ಪಿಟೀಲನ್ನು ಹುಟ್ಟೂರಾದ ಜಿನೋವಾ ನಗರಕ್ಕೆ ಉಯಿಲು ಬರೆದು 1840ರಲ್ಲಿ ತೀರಿಕೊಂಡ. ಆ ನಗರದ ಆಡಳಿತ ಅದನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ. ಅವನ ಹೆಸರಿನ ಸ್ಪರ್ಧೆಯಲ್ಲಿ ಗೆದ್ದವರಿಗೆ ಅದನ್ನು ನುಡಿಸುವ ಗೌರವ ದೊರೆಯುತ್ತದೆ. ಜೋಸೆಫ್ ಯೋಆಕಿಮ್ ಒಂದು ಕಾಲಕ್ಕೆ ನುಡಿಸಿದ್ದ 1714ರ ಸ್ಟ್ರಾಡಿವಾರಿ, ಸಿ-ಹಾನ್ ಮಾ ಎಂಬ ವಾದಕರ ಮೂಲಕ ಅಮೆರಿಕದ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಗೆ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನು 1 ಕೋಟಿ 12 ಲಕ್ಷ ಡಾಲರಿಗೂ ಮಿಕ್ಕಿ ಮಾರಿದಾಗ ಆ ಹಣ ಮೀಸಲಾದದ್ದು ವಿದ್ಯಾರ್ಥಿವೇತನಕ್ಕೆ. ಒಂದು ಕಡೆ ವಾದ್ಯವೇ ಎಳೆಯರ ಕೈಗೆ ಬಂತು, ಇನ್ನೊಂದು ಕಡೆ ಅದರ ಬೆಲೆ ಎಳೆಯರ ಕಲಿಕೆಗೆ ಬಂತು. ಎರಡಕ್ಕೂ ಬುನಾದಿ, ಯಾರೋ ಸಕಾಲದಲ್ಲಿ ಬರೆದಿಟ್ಟ ಕಾಗದ.

ಈ ಮಾತನ್ನು ಶಿವಮೊಗ್ಗ-ಭದ್ರಾವತಿಯ ನಿಮಿತ್ತದಿಂದ ಹೇಳುವುದಕ್ಕೆ ಕಾರಣವಿದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಅವು ತಂದದ್ದು ಸಂಬಳವನ್ನು ಮಾತ್ರವಲ್ಲ. ಮೈಸೂರು, ಬೆಂಗಳೂರು, ತಮಿಳುನಾಡಿನ ಕಡೆಗಳಿಂದ ಬಂದ ಗುಮಾಸ್ತರು, ಎಂಜಿನಿಯರುಗಳು, ಕುಶಲಕರ್ಮಿಗಳು ತಮ್ಮೊಂದಿಗೆ ತಂಬೂರಿ, ಪಿಟೀಲು, ಮೃದಂಗಗಳನ್ನೂ ತಂದರು. ಆ ಊರಿನ ಸಂಜೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಕ್ವಾರ್ಟರ್ಸು ಬಿಟ್ಟವರ ಸಾಮಾನು ಶಿವಮೊಗ್ಗದ ಬಡಾವಣೆಗಳಿಗೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಹೋಗಿದೆ. ಎಷ್ಟು ಅಟ್ಟಗಳ ಮೇಲೆ ಎಷ್ಟು ವಾದ್ಯಗಳು ಬಾಯಿ ತೆರೆದು ಮಲಗಿವೆಯೋ! ಅವುಗಳ ಕಥೆ ಬಲ್ಲವರು ಎಂಬತ್ತು ದಾಟಿದ್ದಾರೆ. ಇನ್ನು ಹತ್ತು ವರ್ಷ ಕಳೆದರೆ ಕೇಳಬೇಕೆಂದರೂ ಹೇಳುವವರಿರುವುದಿಲ್ಲ.

ಕಾನೂನು ನಮ್ಮ ನೆರವಿಗೆ ಬರುವುದು ಅಷ್ಟಕ್ಕಷ್ಟೆ. 1972ರ ಪುರಾತನ ವಸ್ತುಗಳ ಕಾಯ್ದೆ ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುವನ್ನಷ್ಟೇ ಪುರಾತನವೆಂದು ಗುರುತಿಸುತ್ತದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ತಯಾರಾದ ವೀಣೆಯೋ ಪಿಟೀಲೋ ಆ ವಯಸ್ಸು ತಲುಪುವವರೆಗೆ ಗೆದ್ದಲು ಕಾಯುವುದಿಲ್ಲ. ಬೆಂಗಳೂರಿನಲ್ಲಿ 2019ರಲ್ಲಿ ಸಂಗೀತಕ್ಕೆಂದೇ ವಸ್ತುಸಂಗ್ರಹಾಲಯವೊಂದು ತೆರೆದಿರುವುದು ಸ್ವಾಗತಾರ್ಹ. ಆದರೆ ಎಲ್ಲವನ್ನೂ ಗಾಜಿನ ಪೆಟ್ಟಿಗೆಯಲ್ಲಿಡಲು ಆಗದು, ಇಡಲೂಬಾರದು. ಪಿಟೀಲನ್ನು ಜೋಡಿಸುವ ಸರೇಸು ಬಿಸಿ ಮತ್ತು ತೇವಕ್ಕೆ ಬಿಡುವಂಥದ್ದು. ರಿಪೇರಿಗೆ ಬಿಚ್ಚಲು ಅನುಕೂಲವಾಗಲೆಂದೇ ಅದನ್ನು ಬಳಸುತ್ತಾರೆ. ಎಂದರೆ ಈ ವಾದ್ಯ ಹುಟ್ಟಿರುವುದೇ ಮತ್ತೆ ಮತ್ತೆ ಬಿಚ್ಚಿಸಿಕೊಂಡು, ಜೋಡಿಸಿಕೊಂಡು, ನುಡಿಯುತ್ತ ಬಾಳುವುದಕ್ಕೆ. ದಿನವೂ ಕೈಗೆತ್ತಿಕೊಳ್ಳುವವರಿದ್ದರೆ ಬಿರುಕು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ನಮ್ಮ ಸಂಗೀತ ಸಭೆಗಳು ಮತ್ತು ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಮುಂದೆ ಒಂದು ಸಣ್ಣ ಕೆಲಸವನ್ನಿಡಬಯಸುತ್ತೇನೆ. ಜಿಲ್ಲೆಗೊಂದರಂತೆ ವಾದ್ಯಗಳ ವಹಿಯೊಂದನ್ನು ತೆರೆಯಲಿ. ಯಾರ ವಾದ್ಯ, ಯಾರಿಂದ ಯಾರಿಗೆ ಬಂತು, ಯಾವ ಇಸವಿ, ಈಗ ಎಲ್ಲಿದೆ, ಸ್ಥಿತಿ ಹೇಗಿದೆ ಎಂದು ಬರೆದು, ಎರಡು ಫೋಟೊ ಅಂಟಿಸಿದರೆ ಸಾಕು. ದಾಖಲೆಯಿಂದ ತಿಳಿದದ್ದನ್ನೂ ಬಾಯಿಮಾತನ್ನೂ ಬೇರೆ ಬೇರೆ ಕಲಮುಗಳಲ್ಲಿ ನಮೂದಿಸಬೇಕು; ಬಾಯಿಮಾತು ಎಂದು ತಳ್ಳಿಹಾಕಬಾರದು, ದಾಖಲೆ ಎಂದು ಮೆರೆಸಲೂಬಾರದು. ಭದ್ರಾವತಿಯ ಮಗ್ಗುಲಲ್ಲೇ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಈ ಎರಡು ಊರುಗಳ ಮನೆಗಳನ್ನು ಸುತ್ತಿ ಬಂದರೂ ಕೆಲಸದ ಮುಕ್ಕಾಲು ಪಾಲು ಮುಗಿದೀತು.

ಹಳೆಯ ವಾದ್ಯವನ್ನು ಮಾರಬಾರದು ಎಂದು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ವಿದ್ವಾಂಸರ ಮನೆಗಳಲ್ಲಿ ಹೆಸರಿನಷ್ಟು ಹಣ ಇರಲಿಲ್ಲ ಎಂಬುದು ಎಲ್ಲರೂ ಬಲ್ಲ ಸತ್ಯ. ನಮ್ಮ ಪಿಟೀಲಿನ ಕಥೆ ನಿಜವಾಗಿದ್ದರೆ, ಅದೂ ಅಂಥದೇ ಒಂದು ಕಷ್ಟದ ಕಥೆ. ಮಾರಬೇಕಾದವರು ಮಾರಲಿ, ಆದರೆ ಕಥೆಯನ್ನು ಬರೆದು, ಸಹಿ ಹಾಕಿ, ವಾದ್ಯದ ಜತೆಗೇ ಕೊಡಲಿ. ಆ ಒಂದು ಹಾಳೆಯಿಂದ ಮಾರುವವರಿಗೆ ನ್ಯಾಯವಾದ ಬೆಲೆ ಸಿಕ್ಕೀತು. ಅನುಕೂಲವಿರುವ ಸಭೆಗಳು ಇಂಥ ವಾದ್ಯಗಳನ್ನು ತಾವೇ ಕೊಂಡು, ರಿಪೇರಿ ಮಾಡಿಸಿ, ಕಲಿಯುವ ಮಕ್ಕಳಿಗೆ ವರ್ಷಕ್ಕೊಮ್ಮೆ ಎರವಲು ಕೊಡುವ ಪದ್ಧತಿ ಆರಂಭಿಸಿದರೆ ಇನ್ನೂ ಒಳ್ಳೆಯದು. ಒಂದು ಕಚೇರಿಯ ಶಾಮಿಯಾನದ ಖರ್ಚಿನಲ್ಲಿ ಎರಡು ಪಿಟೀಲುಗಳು ಮತ್ತೆ ಬದುಕಿಯಾವು.

ನಮ್ಮ ಪಿಟೀಲನ್ನು ಕೊನೆಗೂ ಮಾರಲಿಲ್ಲ. ಅದರ ಬೆಲೆಗಿಂತ ಹೆಚ್ಚೇ ಖರ್ಚು ಮಾಡಿ ರಿಪೇರಿ ಮಾಡಿಸಿದೆವು. ಅಣ್ಣ ಗೊಣಗುತ್ತಲೇ ಅರ್ಧ ಹಣ ಕೊಟ್ಟ. ದೊಡ್ಡಮ್ಮ ಹೇಳಿದ್ದನ್ನೆಲ್ಲ ಎರಡು ಹಾಳೆಗಳಲ್ಲಿ ಬರೆದುಕೊಂಡೆ. ವಿದ್ವಾಂಸರ ಹೆಸರನ್ನು ‘ಮನೆಯವರು ಹೇಳಿದ್ದು’ ಎಂಬ ತಲೆಬರಹದ ಕೆಳಗೆ ಬರೆದು, ಅವರಿಂದ ಸಹಿ ಮಾಡಿಸಿ, 1962ರ ಆ ಪುಟದ ಪ್ರತಿಯೊಂದಿಗೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಪಿಟೀಲು ಈಗ ಭದ್ರಾವತಿಯಲ್ಲಿ ಪಾಠ ಕಲಿಯುತ್ತಿರುವ ಹುಡುಗಿಯೊಬ್ಬಳ ಬಳಿ ಇದೆ. ಕೊಡುವಾಗ ಒಂದೇ ಷರತ್ತು ಹಾಕಿದೆವು: ಮುಂದೆ ಅದು ಯಾರ ಕೈಗೆ ಹೋದರೂ, ಹೋದ ದಿನ ಹಾಳೆಯ ಕೊನೆಗೆ ತಾರೀಖು ಹಾಕಿ ಆ ಹೆಸರನ್ನು ಸೇರಿಸಬೇಕು. ಮೊದಲ ಸಾಲಿನಲ್ಲಿ ಆ ಹುಡುಗಿ ತನ್ನ ಹೆಸರು ಬರೆದಿದ್ದಾಳೆ.